ಹಳದಿ ಹೂವಿಗೆ ಮರುಳಾಗಬೇಡಿ: ರಾಗ್‌ವರ್ಟ್ ಗುರುತಿಸುವುದು ಹೀಗೆ

ಜುಲೈ ಬಂತೆಂದರೆ ಬ್ರಿಟನ್ನಿನ ರಸ್ತೆಬದಿ, ರೈಲು ಹಳಿ, ಕುದುರೆ ಮೇಯುವ ಬಯಲು ಎಲ್ಲವೂ ಹಳದಿ. ಅದರಲ್ಲಿ ದೊಡ್ಡ ಪಾಲು ರಾಗ್‌ವರ್ಟ್ ಎಂಬ ಕಾಡುಗಿಡದ್ದು. ನಮ್ಮ ಸೇವಂತಿಗೆ, ಸೂರ್ಯಕಾಂತಿಯ ಕುಟುಂಬವೇ. ಅಲ್ಲಿ ನೆಲೆಸಿರುವ ಕನ್ನಡಿಗರು ವಾಕಿಂಗ್ ಹೋದಾಗ ಇದನ್ನು ನೋಡಿಯೇ ಇರುತ್ತಾರೆ. ಆದರೆ ಇದು ಒಂದೇ ಗಿಡವಲ್ಲ. ಕಾಮನ್, ಹೋರಿ, ಮಾರ್ಷ್, ಆಕ್ಸ್‌ಫರ್ಡ್ ಎಂಬ ನಾಲ್ಕು ಬಗೆ ಮತ್ತೆ ಮತ್ತೆ ಎದುರಾಗುತ್ತವೆ. ಹೂವನ್ನೇ ದಿಟ್ಟಿಸಿದರೆ ನಾಲ್ಕೂ ಒಂದೇ ಥರ. ಗುರುತು ಇರುವುದು ಹೂವಿನ ತಳದಲ್ಲಿ ಮತ್ತು ಎಲೆಯಲ್ಲಿ.

ಇಷ್ಟೆಲ್ಲ ಯಾಕೆ ಅಂತೀರಾ? ಕಾಮನ್ ರಾಗ್‌ವರ್ಟ್ ತಿಂದ ಕುದುರೆ, ದನಗಳ ಲಿವರ್ ಕೆಡುತ್ತದೆ. ಹಸಿ ಗಿಡ ಕಹಿ, ಹಾಗಾಗಿ ಸಾಮಾನ್ಯವಾಗಿ ಅವು ಮುಟ್ಟುವುದಿಲ್ಲ. ಒಣಹುಲ್ಲಿನಲ್ಲಿ ಸೇರಿದರೆ ಕಹಿ ಹೋಗುತ್ತದೆ, ವಿಷ ಮಾತ್ರ ಹಾಗೇ ಉಳಿಯುತ್ತದೆ. ಅಲ್ಲಿನ 1959ರ ಕಳೆ ಕಾಯ್ದೆಯಲ್ಲಿರುವುದು ಈ ಒಂದು ರಾಗ್‌ವರ್ಟ್ ಮಾತ್ರ. ಹಳದಿ ಕಂಡಿದ್ದನ್ನೆಲ್ಲ ಕಿತ್ತುಹಾಕುವುದು ಸುಮ್ನೆ ದಂಡ. ಎಲೆ ಮುಟ್ಟಿ ನೋಡುವವರು ಕೈಗವಸು ಹಾಕಿಕೊಳ್ಳಿ. 10 ಪಟ್ಟು ದೊಡ್ಡದಾಗಿ ತೋರಿಸುವ ಭೂತಗನ್ನಡಿಯೊಂದು ಜೇಬಿನಲ್ಲಿರಲಿ.

ಮೊದಲು ನಿಂತ ಜಾಗ ನೋಡಿ

ಕಾಲ ಕೆಳಗೆ ನೀರು ಪಚಪಚ ಅನ್ನುವ ಹುಲ್ಲುಗಾವಲಾದರೆ ಮಾರ್ಷ್ ಇರಬಹುದು. ಒಣ ಮೇವಿನ ಬಯಲಾದರೆ ಕಾಮನ್. ಜೇಡಿಮಣ್ಣು, ಸುಣ್ಣದ ನೆಲವಾದರೆ ಹೋರಿಯನ್ನೂ ಮನಸ್ಸಿನಲ್ಲಿಡಿ. ರೈಲ್ವೆ ಜಲ್ಲಿ, ಹಳೇ ಗೋಡೆಯ ಬಿರುಕಾದರೆ ಆಕ್ಸ್‌ಫರ್ಡ್. ಇದು ಊಹೆ ಅಷ್ಟೇ, ತೀರ್ಪಲ್ಲ.

ಆಮೇಲೆ ಹೂವನ್ನು ಮಗುಚಿ

ರಾಗ್‌ವರ್ಟ್ ಹೂ ಒಂದು ಹೂವಲ್ಲ, ಪುಟ್ಟ ಹೂಗಳ ಗುಂಪು. ಆ ಗುಂಪನ್ನು ತಳದಲ್ಲಿ ಒಂದು ಹಸಿರು ಬಟ್ಟಲು ಹಿಡಿದಿರುತ್ತದೆ. ಬಟ್ಟಲು ಉದ್ದುದ್ದ ಕಿರುಎಲೆಗಳ ಒಂದು ಸಾಲು. ಅದರ ಬುಡದಲ್ಲಿ ಹೊರಗಡೆ ಇನ್ನೊಂದಿಷ್ಟು ಮೋಟು ಕಿರುಎಲೆಗಳು. ಕಣ್ಣಿಡಬೇಕಾದದ್ದು ಈ ಮೋಟುಗಳ ಮೇಲೆ.

ಕಾಮನ್‌ನಲ್ಲಿ ಇವು ಕೆಲವೇ ಕೆಲವು, ತೀರಾ ಗಿಡ್ಡ. ಹೋರಿಯಲ್ಲಿ ಒಳಸಾಲಿನ ಅರ್ಧದಷ್ಟು ಉದ್ದ, ಹಾಗಾಗಿ ಎದ್ದು ಕಾಣುತ್ತವೆ. ಆಕ್ಸ್‌ಫರ್ಡ್‌ನಲ್ಲಿ ಒಳಗಿನವು, ಹೊರಗಿನವು ಎಲ್ಲದರ ತುದಿಗೂ ಶಾಯಿಯಲ್ಲಿ ಅದ್ದಿದಂತೆ ಕಪ್ಪು. ಕಾಮನ್‌ನ ಒಳಸಾಲಿನ ತುದಿಯೂ ಕೊಂಚ ಕಪ್ಪೇ. ಅದಕ್ಕೇ ಹೊರಗಿನ ಮೋಟುಗಳನ್ನು ನೋಡದೆ ಆಕ್ಸ್‌ಫರ್ಡ್ ಎಂದು ಬರೆದುಕೊಳ್ಳಬೇಡಿ.

ಈ ಆಕ್ಸ್‌ಫರ್ಡ್ ಗಿಡದ ಕಥೆ ಮಜವಾಗಿದೆ. ಇದರ ಮೂಲ ಇಟಲಿಯ ಸಿಸಿಲಿ ದ್ವೀಪದ ಎಟ್ನಾ ಜ್ವಾಲಾಮುಖಿ. ಅಲ್ಲಿನ ಎರಡು ಗಿಡಗಳ ಮಿಶ್ರತಳಿಯಿಂದ ಹುಟ್ಟಿದ್ದು. 18ನೇ ಶತಮಾನದಲ್ಲಿ ಆಕ್ಸ್‌ಫರ್ಡ್‌ನ ಸಸ್ಯೋದ್ಯಾನದಲ್ಲಿ ಬೆಳೆಸಿದರು. ಅದು ತೋಟದಿಂದ ತಪ್ಪಿಸಿಕೊಂಡು ಊರಿನ ಗೋಡೆಗಳನ್ನು ಹತ್ತಿತು. 19ನೇ ಶತಮಾನದಲ್ಲಿ ರೈಲು ಬಂದಿದ್ದೇ ತಡ, ಹಳಿಯ ಜಲ್ಲಿ ಅದಕ್ಕೆ ಎಟ್ನಾದ ಲಾವಾದಂತೆಯೇ ಒಗ್ಗಿತು. ಆಕ್ಸ್‌ಫರ್ಡ್ ಹತ್ತಿರ ಕಿಟಕಿಯಿಂದ ಬೋಗಿಯೊಳಗೆ ಹಾರಿಬಂದ ಬೀಜಗಳು ಗಾಳಿಯಲ್ಲೇ ತೇಲುತ್ತಾ ಟೈಲ್‌ಹರ್ಸ್ಟ್ ಎಂಬ ಊರಿನಲ್ಲಿ ಹೊರಗೆ ಹೋಗಿದ್ದನ್ನು ಜಾರ್ಜ್ ಕ್ಲಾರಿಡ್ಜ್ ಡ್ರೂಸ್ ಎಂಬ ಸಸ್ಯತಜ್ಞರು ಬರೆದಿಟ್ಟಿದ್ದಾರೆ. ಟಿಕೆಟ್ ಇಲ್ಲದ ಪ್ರಯಾಣ! ಇದು ಉಳಿದವಕ್ಕಿಂತ ಬೇಗ, ಮೇ ಹೊತ್ತಿಗೇ ಹೂ ಬಿಡುತ್ತದೆ. ಗಿಡವೂ ಗಿಡ್ಡ, ಪೊದೆಯಂತೆ.

ಕೆಳಗಿನ ಎಲೆ ಹುಡುಕಿ

ಎಲೆ ಹೆಚ್ಚಾಗಿ ಸೀಳುಸೀಳು. ತುದಿಯ ಹಾಲೆ, ಅಂದರೆ ಸೀಳುಗಳ ನಡುವಿನ ಕೊನೆಯ ತುಂಡು ನೋಡಿ. ಕಾಮನ್‌ನಲ್ಲಿ ಮೊಂಡು. ಹೋರಿಯಲ್ಲಿ ಕಿರಿದು, ಚೂಪು. ಮಾರ್ಷ್‌ನಲ್ಲಿ ದೊಡ್ಡದು, ಮೊಟ್ಟೆಯಾಕಾರ. ಕಾಮನ್ ಹೂ ಬಿಡುವಷ್ಟರಲ್ಲಿ ಬುಡದ ಎಲೆ ಎಷ್ಟೋ ಸಲ ಒಣಗಿರುತ್ತದೆ. ಆಗ ಕಾಂಡದ ನಡುವಿನದ್ದನ್ನು ನೋಡಿ.

ಎಲೆಯ ಹಿಂಬದಿಯನ್ನೂ ತಿರುಗಿಸಿ. ಹೋರಿಗೆ ಅಲ್ಲಿ ಜೇಡರಬಲೆಯಂಥ ಬೂದು ನವಿರು. ಕಾಮನ್‌ಗೂ ಒಮ್ಮೊಮ್ಮೆ ಸ್ವಲ್ಪ ಇರುತ್ತದೆ. ಆದ್ದರಿಂದ ನವಿರು, ಚೂಪು ತುದಿ, ಉದ್ದ ಮೋಟುಗಳು ಮೂರೂ ಒಟ್ಟಿಗೆ ಸಿಕ್ಕರೆ ಮಾತ್ರ ಹೋರಿ ಅನ್ನಿ.

ಹಳದಿ ಕಪ್ಪು ಪಟ್ಟೆಯ ಸಿನಬಾರ್ ಕಂಬಳಿಹುಳ ಮೇಯುತ್ತಿದ್ದರೆ ಕಾಮನ್ನೇ ಇರಬೇಕು ಎನ್ನುವವರಿದ್ದಾರೆ. ನಂಬಬೇಡಿ. ಅದು ಇದರ ಬಂಧುಗಳನ್ನೂ ತಿನ್ನುತ್ತದೆ.

ಇನ್ನೂ ಅನುಮಾನವೇ? ಬೀಜ ನೋಡಿ

ಭೂತಗನ್ನಡಿ ಬೇಕಾಗುವುದು ಇಲ್ಲೇ. ಕಾಮನ್‌ನಲ್ಲಿ ಹೂಗುಂಪಿನ ಅಂಚಿನ ಬೀಜ ನುಣುಪು, ನಡುವಿನದಕ್ಕೆ ರೋಮ. ಹೋರಿಯಲ್ಲಿ ಎಲ್ಲಕ್ಕೂ ರೋಮ. ಮಾರ್ಷ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ ನುಣುಪು. ಮಾರ್ಷ್‌ನ ಹೂವೂ ತುಸು ದೊಡ್ಡದು, ಗೊಂಚಲು ಬಿಡಿಬಿಡಿ. ಕಾಮನ್‌ನದು ಒತ್ತಾಗಿ, ಮೇಲೆ ಚಪ್ಪಟೆ.

ಒದ್ದೆ ಹುಲ್ಲುಗಾವಲಿನಲ್ಲಿ ಕಾಮನ್, ಮಾರ್ಷ್ ಎರಡೂ ಇದ್ದರೆ ಮಿಶ್ರತಳಿ ಸಿಗುವ ಸಾಧ್ಯತೆ ಜಾಸ್ತಿ. ಎಲೆ ಇದರಂತೆ, ಗೊಂಚಲು ಅದರಂತೆ ಕಂಡರೆ ಹಟ ಹಿಡಿದು ಒಂದು ಹೆಸರಿಗೆ ಕಟ್ಟಬೇಡಿ. ಇಡೀ ಗಿಡ, ಎಲೆಯ ಎರಡೂ ಬದಿ, ಪಕ್ಕದಿಂದ ಕಾಣುವ ಹಸಿರು ಬಟ್ಟಲು, ಇಷ್ಟರ ಫೋಟೊ ತೆಗೆದು ಬಲ್ಲವರಿಗೆ ತೋರಿಸಿ. ಹೂವಿನ ಮುಖದ ಫೋಟೊ ಒಂದನ್ನೇ ಕಳಿಸಿದರೆ ಅವರೂ ಏನೂ ಹೇಳಲಾರರು.