ಪಂಚಮಿ ಪಂಕ್ತಿಯಲ್ಲಿ ಶೇಂಗಾ ಒಗ್ಗದ ಮೊಮ್ಮಗ

ಪಂಚಮಿಗೆ ಇನ್ನೂ ಎಂಟು ದಿನ ಇದೆ ಅನ್ನುವಾಗಲೇ ನಮ್ಮ ಓಣಿಯಲ್ಲಿ ಶೇಂಗಾ ಹುರಿಯುವ ವಾಸನೆ ಶುರುವಾಗುತ್ತದೆ. ಹೊರಗೆ ಧಾರವಾಡದ ಜಿಟಿಜಿಟಿ ಮಳೆ, ಒಳಗೆ ಒಲೆಯ ಮೇಲೆ ಬೆಲ್ಲದ ಪಾಕ. ಶೇಂಗಾ ಉಂಡಿ, ಎಳ್ಳುಂಡಿ, ಬೇಸನ್ ಉಂಡಿ, ರವೆ ಉಂಡಿ, ತಂಬಿಟ್ಟು. ಹಿಂದಿನ ದಿನದ ರೊಟ್ಟಿ ಹಬ್ಬಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಎಣ್ಣೆಗಾಯಿ. ಇದರಲ್ಲಿ ಶೇಂಗಾ, ಎಳ್ಳು ಎರಡೂ ಇಲ್ಲದ ಪದಾರ್ಥ ಎಷ್ಟಿದೆ, ನೀವೇ ಎಣಿಸಿ ನೋಡಿ. ನಾನು ಎಣಿಸಿದ್ದು ವಯಸ್ಸು ಅರವತ್ತು ದಾಟಿದ ಮೇಲೆ. ಮಗಳ ಮಗನಿಗೆ ಶೇಂಗಾ ಅಲರ್ಜಿ ಎಂದು ಡಾಕ್ಟರು ಹೇಳಿದ ಮೇಲೆ.

ಆರು ವರ್ಷದ ಹಿಂದಿನ ಮಾತು. ಹುಡುಗನಿಗೆ ಆಗ ನಾಲ್ಕು ವರ್ಷ. ಅವನಿಗೆ ಬೇರೆ ಅಡುಗೆ ಮಾಡಿದ್ದೆ, ಬೇರೆ ತಾಟು ಇಟ್ಟಿದ್ದೆ. ಅಡುಗೆಮನೆಯ ಬಾಗಿಲ ಹತ್ತಿರ ಒಬ್ಬನನ್ನೇ ಕೂರಿಸಿದ್ದೆ. ಎಲ್ಲ ಮಕ್ಕಳೂ ಪಂಕ್ತಿಯಲ್ಲಿ ಕೂತಿದ್ದವು. ಇವನು ಅಳುತ್ತಿದ್ದ. ಉಂಡಿ ಕಟ್ಟುತ್ತಿದ್ದ ನನ್ನ ನೆಗೆಣ್ಣಿಗೆ ಕರುಳು ಚುರ್ ಅಂದಿತು. ಸೆರಗಿಗೆ ಕೈ ಒರೆಸಿಕೊಂಡು ಬಂದು, ಅವನ ತಾಟಿನ ಅನ್ನವನ್ನೇ ಕಲಸಿ ಎರಡು ತುತ್ತು ಉಣಿಸಿದಳು. ಹತ್ತು ನಿಮಿಷದಲ್ಲಿ ತುಟಿ ಊದಿತು. ಕುತ್ತಿಗೆ ತುಂಬ ಗಂಧೆ ಎದ್ದವು. ಕೆಮ್ಮು ನಿಲ್ಲಲಿಲ್ಲ. ಮಗಳು ಚೀಲದಿಂದ ಇಂಜೆಕ್ಷನ್ ತೆಗೆದು ತೊಡೆಗೆ ಚುಚ್ಚಿದಳು. ಹುಡುಗ ಉಳಿದ. ಆ ಅನ್ನದಲ್ಲಿ ಶೇಂಗಾ ಇರಲಿಲ್ಲ, ಕೈಯಲ್ಲಿತ್ತು. ನೆಗೆಣ್ಣಿಯ ತಪ್ಪು ಅಂತ ನಾನು ಇವತ್ತಿಗೂ ಹೇಳುವುದಿಲ್ಲ. ಮನೆಯ ಯಜಮಾನಿಯಾಗಿ ಎಲ್ಲರಿಗೂ ಮೊದಲೇ ಹೇಳಬೇಕಾದವಳು ನಾನು.

ಅವತ್ತು ರಾತ್ರಿ ಒಂದು ನಿರ್ಧಾರ ಮಾಡಿದೆ. ಮಗುವನ್ನು ಪಂಕ್ತಿಯಿಂದ ಎಬ್ಬಿಸುವ ಬದಲು ಶೇಂಗಾವನ್ನೇ ಪಂಕ್ತಿಯಿಂದ ಎಬ್ಬಿಸುವುದು. ಅವನು ಇರುವ ಎರಡು ದಿನ ಮನೆಯಲ್ಲಿ ಶೇಂಗಾ ಇಲ್ಲ. ನಮ್ಮದೇ ಹೊಲದ ಶೇಂಗಾ ಇದ್ದರೂ ಇಲ್ಲ. ಒಬ್ಬರಿಗೆ ಬೇರೆ ಅಡುಗೆ ಮಾಡಿದರೆ ಸೌಟು ಬದಲಾಗುತ್ತದೆ, ಕೈ ಬದಲಾಗುತ್ತದೆ, ಗದ್ದಲದಲ್ಲಿ ತಪ್ಪು ಆಗೇ ಆಗುತ್ತದೆ. ಎಲ್ಲರಿಗೂ ಒಂದೇ ಅಡುಗೆ ಆದರೆ ಆ ಭಯ ಅರ್ಧಕ್ಕರ್ಧ ಕಡಿಮೆ. ಮಗುವೂ ಅಣ್ಣತಮ್ಮಂದಿರ ನಡುವೆ ಕೂತು ಉಣ್ಣುತ್ತದೆ.

ಶೇಂಗಾ ಇಲ್ಲದೆ ಎಣ್ಣೆಗಾಯಿ ಹೇಗೆ ಅಂತ ಕೇಳುತ್ತೀರಿ. ಆಗುತ್ತದೆ. ಅರ್ಧ ಕಿಲೋ ಮುಳಗಾಯಿಗೆ ಅರ್ಧ ಬಟ್ಟಲು ಪುಟಾಣಿ, ಅಂದರೆ ಹುರಿಗಡಲೆಯ ಪುಡಿ, ಕಾಲು ಬಟ್ಟಲು ಹುರಿದ ಒಣಕೊಬ್ಬರಿ, ಹುಣಸೆಹಣ್ಣು, ಬೆಲ್ಲ, ಬಳ್ಳೊಳ್ಳಿ, ಬ್ಯಾಡಗಿ ಮೆಣಸಿನಕಾಯಿ ಖಾರ. ಪುಟಾಣಿ ಬೇಗ ಗಟ್ಟಿಯಾಗುತ್ತದೆ, ಅದಕ್ಕೆ ನೀರು ಸ್ವಲ್ಪ ಜಾಸ್ತಿ ಇಡಿ. ಮೊದಲ ವರ್ಷ ನನ್ನ ಯಜಮಾನರು ಎರಡು ಸಲ ಹಾಕಿಸಿಕೊಂಡರು, ಶೇಂಗಾ ಇಲ್ಲ ಅಂತ ಅವರಿಗೆ ಗೊತ್ತೇ ಆಗಲಿಲ್ಲ. ರೊಟ್ಟಿಗೆ ಅಗಸಿ ಹಿಂಡಿ, ಒಣಕೊಬ್ಬರಿ ಹಿಂಡಿ. ಉಂಡಿಯಲ್ಲಿ ಬೇಸನ್, ರವೆ, ಚುರಮರಿ. ಚುರಮರಿ ಉಂಡಿಗೆ ಒಂದು ಬಟ್ಟಲು ಬೆಲ್ಲಕ್ಕೆ ನಾಲ್ಕರಿಂದ ಐದು ಬಟ್ಟಲು ಚುರಮರಿ ಹಿಡಿಯುತ್ತದೆ. ಪಾಕದ ಹನಿ ನೀರಿಗೆ ಬಿಟ್ಟರೆ ಗಟ್ಟಿ ಗುಂಡು ಆಗಬೇಕು. ಕೈ ಒದ್ದೆ ಮಾಡಿಕೊಂಡು ಬಿಸಿ ಇರುವಾಗಲೇ ಕಟ್ಟಿ. ಮಕ್ಕಳು ಮೊದಲು ಖಾಲಿ ಮಾಡುವುದು ಇದನ್ನೇ.

ಆದರೆ ಪುಟಾಣಿ, ಚುರಮರಿ ತರುವ ಅಂಗಡಿ ನೋಡಿಕೊಳ್ಳಿ. ಪಕ್ಕಪಕ್ಕದಲ್ಲಿ ಚೀಲ ಬಿಚ್ಚಿಟ್ಟಿರುತ್ತಾರೆ. ಶೇಂಗಾ ಅಳೆದ ಡಬ್ಬಿಯಲ್ಲೇ ಪುಟಾಣಿ ಅಳೆಯುತ್ತಾರೆ. ನಾನು ಈಗ ಕಂಪನಿಯವರು ಸೀಲ್ ಮಾಡಿದ ಪ್ಯಾಕೆಟ್ ತರುತ್ತೇನೆ. ಇನ್ನೊಂದು ಮಾತು. ಶೇಂಗಾ ಬೇಳೆಕಾಳಿನ ಜಾತಿಯದು, ಗೋಡಂಬಿ ಬಾದಾಮಿಯ ಜಾತಿಯಲ್ಲ. ಶೇಂಗಾ ಆಗದವರಲ್ಲಿ ಹೆಚ್ಚಿನವರಿಗೆ ಕಡಲೆ, ತೊಗರಿ ಆಗುತ್ತದೆ, ಎಲ್ಲರಿಗೂ ಅಲ್ಲ. ಕೆಲವರಿಗೆ ಶೇಂಗಾ ಜೊತೆಗೆ ಗೋಡಂಬಿಯೂ ಎಳ್ಳೂ ಆಗುವುದಿಲ್ಲ. ಆದ್ದರಿಂದ ನೀವೇ ಊಹಿಸಬೇಡಿ, ಕೇಳಿ.

ಕೇಳುವುದು ಅಂದರೆ ಹಬ್ಬದ ದಿನ ತಾಟಿನ ಮುಂದೆ ಕೇಳುವುದಲ್ಲ. ಕರೆಯಲು ಫೋನ್ ಮಾಡಿದಾಗಲೇ ಕೇಳಬೇಕು. "ನಿಮ್ಮೊಳಗ ಯಾರಿಗರ ತಿನ್ನಾಕ ಆಗಿ ಬರದ್ದು ಏನರ ಐತೇನ್ರಿ?" ಅಂತ ನಾನು ನೇರವಾಗಿ ಕೇಳಿಬಿಡುತ್ತೇನೆ. ಹೊಸ ಬೀಗರಾದರೆ ಅವರಾಗಿ ಹೇಳುವುದಿಲ್ಲ, ಸಂಕೋಚ. ಯಾವ ಪದಾರ್ಥ, ತಿಂದರೆ ಏನಾಗುತ್ತದೆ, ಸ್ವಲ್ಪ ತಾಗಿದರೂ ತೊಂದರೆಯೇ, ಔಷಧಿ ಜೊತೆಗೆ ತರುತ್ತಾರಾ, ಅದನ್ನು ಕೊಡಲು ಯಾರಿಗೆ ಬರುತ್ತದೆ. ಇಷ್ಟು ತಿಳಿದುಕೊಂಡು ಒಂದು ಚೀಟಿಯಲ್ಲಿ ಬರೆದು ಫ್ರಿಜ್ ಬಾಗಿಲಿಗೆ ಅಂಟಿಸಿ. ಸಹಾಯಕ್ಕೆ ಬರುವ ಎಲ್ಲರೂ ಅದನ್ನು ಓದಲಿ. ಓದಲು ಬಾರದವರಿಗೆ ಬಾಯಲ್ಲಿ ಹೇಳಿ.

ನಮ್ಮ ಹಿರಿಯರಿಗೆ ಕೈ ಮುಗಿದು ಒಂದು ಮಾತು ಹೇಳುತ್ತೇನೆ. "ಒಂದೀಟ ತಿಂದ್ರ ಏನಾಗ್ತೈತಿ, ತಿನಿಸಿ ತಿನಿಸಿ ರೂಢಿ ಮಾಡಬೇಕು" ಅನ್ನುವುದನ್ನು ಬಿಡಿ. ರೂಢಿ ಮಾಡಿಸುವ ಚಿಕಿತ್ಸೆ ಇದೆ, ಅದನ್ನು ಡಾಕ್ಟರು ತಮ್ಮ ಕಣ್ಣೆದುರಿಗೆ ಅಳತೆ ಮಾಡಿ ಶುರು ಮಾಡುತ್ತಾರೆ. ಹಬ್ಬದ ಮನೆಯಲ್ಲಿ ಮಾಡುವ ಕೆಲಸ ಅಲ್ಲ ಅದು. ಹುರಿದರೆ, ಕರಿದರೆ ಶೇಂಗಾದ ದೋಷ ಹೋಗುತ್ತದೆ ಅನ್ನುವುದೂ ಸುಳ್ಳು. ಹುರಿದ ಶೇಂಗಾ ಇನ್ನೂ ಜಾಸ್ತಿ ತೊಂದರೆ ಕೊಡಬಹುದು.

ಎಣ್ಣೆಯ ವಿಷಯ ನಮ್ಮ ಕಡೆಯವರು ತಿಳಿಯಲೇಬೇಕು. ಗಾಣದ ಶೇಂಗಾ ಎಣ್ಣೆ ರುಚಿ, ಆರೋಗ್ಯಕ್ಕೂ ಒಳ್ಳೆಯದು ಅಂತ ನಾವೆಲ್ಲ ತರುತ್ತೇವೆ. ಅಲರ್ಜಿ ಆಗುವುದು ಶೇಂಗಾದ ಪ್ರೋಟೀನಿನಿಂದ. ಗಾಣದ ಎಣ್ಣೆಯಲ್ಲಿ ಅದು ಉಳಿದಿರುತ್ತದೆ. ಚೆನ್ನಾಗಿ ರಿಫೈನ್ ಮಾಡಿದ್ದರಲ್ಲಿ ಬಹಳ ಕಡಿಮೆ, ಆದರೂ ನಾನು ಆ ಪರೀಕ್ಷೆಗೆ ಹೋಗುವುದಿಲ್ಲ. ಹಬ್ಬಕ್ಕೆ ಸೂರ್ಯಕಾಂತಿ ಎಣ್ಣೆಯ ಹೊಸ ಪ್ಯಾಕೆಟ್ ಒಡೆಯುತ್ತೇನೆ. ಕುಸುಬಿ ಎಣ್ಣೆ ಒಳ್ಳೆಯದೇ, ಆದರೆ ಅದೇ ಗಾಣದಲ್ಲಿ ಶೇಂಗಾ ಹಾಕಿರುತ್ತಾರೆ ಅಲ್ವಾ? ಹಿಂದೆ ಕರಿದ ಎಣ್ಣೆಯನ್ನಂತೂ ಮುಟ್ಟಬೇಡಿ.

ಇನ್ನು ಅಡುಗೆಮನೆ. ಹಿಂಡಿ ಕುಟ್ಟಿದ ಕಲ್ಲು, ಕಟ್ಟಿಗೆಯ ಸೌಟು, ಲಟ್ಟಣಿಗೆ ಇವುಗಳ ಸಂದಿನಲ್ಲಿ ಪುಡಿ ಕೂತಿರುತ್ತದೆ. ತೊಳೆದರೂ ಪೂರ್ತಿ ಹೋಗುವುದಿಲ್ಲ. ಅವನ್ನು ಆ ಎರಡು ದಿನ ಅಟ್ಟಕ್ಕೆ ಹಾಕಿ, ಸ್ಟೀಲಿನದು ಬಳಸಿ. ಮಿಕ್ಸಿ ಜಾರಿನ ಮುಚ್ಚಳದ ರಬ್ಬರ್ ಬಿಚ್ಚಿ ನೋಡಿ, ಅದರೊಳಗೆ ಹೋದ ವಾರದ ಶೇಂಗಾ ಸಿಗುತ್ತದೆ. ನಾನು ಒಂದು ಸಣ್ಣ ಜಾರನ್ನೇ ಮೊಮ್ಮಗನಿಗೆ ಅಂತ ಬೇರೆ ಇಟ್ಟಿದ್ದೇನೆ. ಮಸಾಲಿ ಖಾರದ ಡಬ್ಬಿಯನ್ನೂ ಮರೆಯಬೇಡಿ. ನಮ್ಮಲ್ಲಿ ಬಹಳ ಮನೆಗಳಲ್ಲಿ ಖಾರ ಮಾಡುವಾಗ ಎಳ್ಳು ಹುರಿದು ಹಾಕುತ್ತಾರೆ. ಎಳ್ಳು ಆಗದ ಅತಿಥಿ ಬಂದರೆ ಬರೀ ಮೆಣಸಿನಕಾಯಿ ಪುಡಿಯೇ ಗತಿ. ಗುರೆಳ್ಳು ಮಾತ್ರ ಹೆಸರಿಗೆ ಎಳ್ಳು, ಗಿಡ ಬೇರೆ, ಸೂರ್ಯಕಾಂತಿಯ ಜಾತಿ. ಹಾಗಂತ ಕೇಳದೆ ಹಾಕಬೇಡಿ.

ಕೈಯನ್ನು ಸೋಪು ಹಚ್ಚಿ ನೀರಲ್ಲಿ ತೊಳೆಯಬೇಕು. ಸೆರಗಿಗೆ ಒರೆಸಿಕೊಂಡರೆ ಆಗಲಿಲ್ಲ, ಬರೀ ನೀರಲ್ಲಿ ಅದ್ದಿದರೂ ಆಗಲಿಲ್ಲ, ಸ್ಯಾನಿಟೈಸರ್ ಹಚ್ಚಿದರೂ ಶೇಂಗಾದ ಅಂಶ ಹೋಗುವುದಿಲ್ಲ. ನಮ್ಮ ಮನೆಯಲ್ಲಿ ಹೊರಗಿನಿಂದ ಬಂದವರು ಮೊದಲು ಬಚ್ಚಲಿಗೆ ಹೋಗುತ್ತಾರೆ, ಆಮೇಲೆ ಹುಡುಗನ ಗಲ್ಲ ಹಿಡಿಯುತ್ತಾರೆ.

ಗೋಧಿ ಆಗದವರು ಬಂದರೆ ನಮ್ಮ ನಾಡಿನ ಊಟ ಕೈ ಹಿಡಿಯುತ್ತದೆ. ಜೋಳ, ಸಜ್ಜಿ, ನವಣಿ ಇದ್ದೇ ಇವೆ. ಕಷ್ಟ ಇರುವುದು ಗಿರಣಿಯಲ್ಲಿ. ನಿಮ್ಮ ಮುಂದಿನವರು ಗೋಧಿ ಹಾಕಿಸಿದ್ದರೆ ನಿಮ್ಮ ಜೋಳದ ಹಿಟ್ಟಿನಲ್ಲಿ ಅದೂ ಬರುತ್ತದೆ. ಜೋಳಕ್ಕೆ ಬೇರೆ ಕಲ್ಲು ಇರುವ ಗಿರಣಿ ಹುಡುಕಿ. ಸಿಗದಿದ್ದರೆ, ಗೋಧಿ ಮುಟ್ಟಿಸದ ಬೀಸುವ ಕಲ್ಲು ಮನೆಯಲ್ಲಿದ್ದರೆ ಅದರಲ್ಲೇ ಒಂದೆರಡು ಸೇರು ಬೀಸಿಕೊಳ್ಳಿ, ನಾನು ಹಾಗೇ ಮಾಡುತ್ತೇನೆ. ಮೈದಾ, ಬನ್ಸಿ ರವೆ, ಚಿರೋಟಿ ರವೆ ಎಲ್ಲವೂ ಗೋಧಿಯೇ, ಶಾವಿಗೆಯೂ ಹೆಚ್ಚಾಗಿ ಗೋಧಿಯದೇ. ಜವೆಗೋಧಿಯೂ ಗೋಧಿಯೇ, ಅದು ಹಳೆಯ ತಳಿ, ಅದರಿಂದ ಏನೂ ಆಗುವುದಿಲ್ಲ ಅನ್ನುವವರ ಮಾತು ಕೇಳಬೇಡಿ. ಡಬ್ಬಿಯ ಇಂಗಿನಲ್ಲಿ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ, ಇದು ನನಗೆ ಬಹಳ ತಡವಾಗಿ ತಿಳಿಯಿತು. ಕಟ್ಟಿನ ಸಾರಿಗೆ ಆವತ್ತು ಬಳ್ಳೊಳ್ಳಿ ಒಗ್ಗರಣೆ ಹಾಕಿ. ಹೋಳಿಗೆಯ ಬದಲು ಅದೇ ಹೂರಣವನ್ನು ಅಕ್ಕಿ ಹಿಟ್ಟಿನ ಕಣಕದಲ್ಲಿ ತುಂಬಿ ಹಬೆಯಲ್ಲಿ ಕಡಬು ಮಾಡಿ. ಹೋಳಿಗೆಗಿಂತ ಚೆನ್ನಾಗಿರುತ್ತದೆ ಅಂತ ನನ್ನ ಅಭಿಪ್ರಾಯ.

ಹಾಲು ಆಗದವರಲ್ಲಿ ಎರಡು ಥರ. ಹಾಲು ಕುಡಿದರೆ ಹೊಟ್ಟೆ ಉಬ್ಬುವವರು ಒಂದು ಬಟ್ಟಲು ಮೊಸರು ಅರಗಿಸಿಕೊಳ್ಳಬಹುದು. ಅಲರ್ಜಿ ಇರುವವರಿಗೆ ಮೊಸರು, ಪೇಡೆ, ತುಪ್ಪ ಯಾವುದೂ ಬೇಡ.

ಪ್ಯಾಕೆಟ್ ತಂದರೆ ಹಿಂದಿನ ಸಣ್ಣ ಅಕ್ಷರ ಓದಿ. ಕಾಣದಿದ್ದರೆ ಮೊಮ್ಮಕ್ಕಳಿಂದ ಓದಿಸಿ. ನಮ್ಮ ದೇಶದ 2020ರ ಲೇಬಲ್ ನಿಯಮದ ಪ್ರಕಾರ ಗೋಧಿಯಂಥ ಧಾನ್ಯ, ಹಾಲು, ಮೊಟ್ಟೆ, ಮೀನು, ಸಿಗಡಿ ಏಡಿ, ಶೇಂಗಾ, ಗೋಡಂಬಿ ಬಾದಾಮಿ, ಸೋಯಾ ಇದ್ದರೆ ಅಲರ್ಜಿ ಎಚ್ಚರಿಕೆ ಬರೆಯಬೇಕು. ಆ ಪಟ್ಟಿಯಲ್ಲಿ ಎಳ್ಳು ಇಲ್ಲ. ಎಳ್ಳಿಗಾಗಿ ಪೂರ್ತಿ ಸಾಮಗ್ರಿ ಓದಬೇಕು. ಬಿಡಿಯಾಗಿ ತೂಗಿ ಕೊಡುವ ಸ್ವೀಟು, ಚೂಡಾ ಮಾತ್ರ ಆ ದಿನಗಳಲ್ಲಿ ತರಲೇಬೇಡಿ.

ಎಲ್ಲಕ್ಕಿಂತ ಕಷ್ಟ ನೆರೆಮನೆಯ ತಾಟು. ರೊಟ್ಟಿ ಹಬ್ಬಕ್ಕೆ ನಮ್ಮಲ್ಲಿ ಓಣಿಯ ಮನೆಮನೆಯಿಂದ ರೊಟ್ಟಿ, ಹಿಂಡಿ, ಪಲ್ಯ ಬರುತ್ತದೆ. ಬೇಡ ಅನ್ನುವ ಹಾಗಿಲ್ಲ, ಅದು ಪ್ರೀತಿ. ನಾನು ಬಾಗಿಲಲ್ಲೇ ತೆಗೆದುಕೊಂಡು, ನಮ್ಮ ತಾಟು ಕೊಟ್ಟು, ಬಂದದ್ದನ್ನು ಮುಚ್ಚಳದ ಡಬ್ಬಿಗೆ ಹಾಕಿ ಹಿತ್ತಿಲ ಕೋಣೆಯಲ್ಲಿ ಇಡುತ್ತೇನೆ. ಕಾರಣವನ್ನು ಓಣಿಗೆಲ್ಲ ಹೇಳಿದ್ದೇನೆ. ಮುಚ್ಚಿಡುವ ವಿಷಯ ಅಲ್ಲ. ಈಗ ಎದುರುಮನೆಯವರು ತಾಟು ಕೊಡುವಾಗಲೇ "ಇದರಾಗ ಶೇಂಗಾ ಐತ್ರಿ, ಆ ಕಡೆ ಇಡ್ರಿ" ಅನ್ನುತ್ತಾರೆ. ನಾಗಪ್ಪನ ಪ್ರಸಾದವೂ ಹಾಗೆಯೇ. ಕೈಗೆ ಬಂದ ಪ್ರಸಾದ ಬೇಡ ಅನ್ನಲು ಮಕ್ಕಳು ಹೆದರುತ್ತವೆ. ನಮ್ಮ ದೇವರ ಮುಂದೆ ಈಗ ಮನೆಯಲ್ಲೇ ಹುರಿದ ಜೋಳದ ಅಳ್ಳು, ಬೆಲ್ಲ, ಬಾಳೆಹಣ್ಣು. ಅದನ್ನೇ ಎಲ್ಲರಿಗೂ ಹಂಚುತ್ತೇವೆ.

ಇಷ್ಟು ಮಾಡಿದರೂ ಏನಾದರೂ ಆದರೆ? ತುಟಿ, ನಾಲಿಗೆ ಊದುವುದು, ಮೈಯೆಲ್ಲ ಗಂಧೆ, ವಾಂತಿ, ಒಂದೇ ಸಮ ಕೆಮ್ಮು, ದನಿ ಬದಲಾಗುವುದು, ಉಸಿರು ಸುಯ್ ಅನ್ನುವುದು, ತಲೆ ಸುತ್ತು. ಕೆಲವು ನಿಮಿಷದಿಂದ ಎರಡು ತಾಸಿನೊಳಗೆ ಹೆಚ್ಚಾಗಿ ಕಾಣಿಸುತ್ತದೆ. ಉಸಿರಿಗೆ ತೊಂದರೆ ಆದರೆ, ತಲೆ ಸುತ್ತಿ ಬಿದ್ದರೆ ಕಾಯಬೇಡಿ. ಡಾಕ್ಟರು ಬರೆದುಕೊಟ್ಟ ಅಡ್ರಿನಾಲಿನ್ ಇಂಜೆಕ್ಷನ್ ಇದ್ದರೆ ತಕ್ಷಣ ತೊಡೆಯ ಹೊರಬದಿಗೆ ಕೊಡಿ, ಒಬ್ಬರು 108ಕ್ಕೆ ಫೋನ್ ಮಾಡಲಿ. ಮಲಗಿಸಿ ಕಾಲು ಸ್ವಲ್ಪ ಮೇಲೆ ಮಾಡಿ. ಉಸಿರು ಕಷ್ಟವಾದರೆ ಒರಗಿಸಿ ಕೂರಿಸಿ. ಎಬ್ಬಿಸಿ ನಡೆಸಬೇಡಿ. ಅಲರ್ಜಿ ಗುಳಿಗೆ ತುರಿಕೆ ಕಡಿಮೆ ಮಾಡುತ್ತದೆ ಅಷ್ಟೇ, ಜೀವ ಉಳಿಸುವ ಕೆಲಸ ಅದರದ್ದಲ್ಲ. ಮಜ್ಜಿಗೆ, ನಿಂಬೆಹಣ್ಣು ಅಂತ ಹೊತ್ತು ಕಳೆಯಬೇಡಿ. ಸುಧಾರಿಸಿದ ಹಾಗೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು, ಕೆಲವು ತಾಸಿನ ಮೇಲೆ ಮತ್ತೆ ಮರುಕಳಿಸಬಹುದು. ಹಳ್ಳಿಯಲ್ಲಿ ಹಬ್ಬ ಮಾಡುವವರು ರಾತ್ರಿಯೂ ತೆರೆದಿರುವ ಆಸ್ಪತ್ರೆ ಯಾವುದು, ಗಾಡಿ ಯಾರದು ಅಂತ ಮೊದಲೇ ನೋಡಿಕೊಂಡಿರಿ. ನಮ್ಮ ಮನೆಯಲ್ಲಿ ಹುಡುಗನ ಔಷಧಿ ಚೀಲ ದೇವರ ಕೋಣೆಯ ಬಾಗಿಲ ಮೊಳೆಗೆ ತೂಗಾಡುತ್ತದೆ. ಜೋಕಾಲಿ ಆಡಲು ಹೋದರೆ ಚೀಲವೂ ಜೊತೆಗೆ ಹೋಗುತ್ತದೆ.

ಈಗ ಅವನಿಗೆ ಹತ್ತು ವರ್ಷ. "ಆಯಿ, ಇದು ನಾ ತಿನ್ನಬಹುದಾ?" ಅಂತ ತಾನೇ ಕೇಳಿ ಬಾಯಿಗಿಡುತ್ತಾನೆ. ಹಬ್ಬ ಮುಗಿಸಿ ಅವರು ಹುಬ್ಬಳ್ಳಿಯಲ್ಲಿ ಬೆಂಗಳೂರಿನ ರೈಲು ಹತ್ತಿದ ಮರುದಿನ ನಾನು ಶೇಂಗಾ ಹುರಿಯಲು ಇಡುತ್ತೇನೆ. ನೆಗೆಣ್ಣಿಯೂ ಬರುತ್ತಾಳೆ. ಇಬ್ಬರೂ ಕೂತು ಓಣಿಗೆ ಹಂಚಲು ಉಂಡಿ ಕಟ್ಟುತ್ತೇವೆ.