‘ಲಾಯಿತು’ ಬಿಟ್ಟ ಕಥೆ

ತೀರ್ಥಹಳ್ಳಿ ಹತ್ತಿರದ ಹಳ್ಳಿ ನಮ್ಮದು. ಸ್ವಲ್ಪ ಅಡಿಕೆ ತೋಟ ಇದೆ, ಜೊತೆಗೆ ಸಹಕಾರ ಸಂಘದಲ್ಲಿ ಕಾರ್ಯದರ್ಶಿ ಕೆಲಸ. 18 ವರ್ಷದಿಂದ ಸಂಘದ ನಡಾವಳಿ ಪುಸ್ತಕ ಬರೆಯುತ್ತಿರುವವನು ನಾನೇ. ಹಾಗಾಗಿ ನನಗೆ ಬರೆಯಲು ಬರುತ್ತದೆ ಅಂತ ನಂಬಿಕೊಂಡಿದ್ದೆ. ಊರವರೆಲ್ಲ ಸೇರಿ ಕೆರೆಯ ಹೂಳು ತೆಗೆದಾಗ ಅದರ ಮೇಲೆ ಲೇಖನ ಬರೆದು ಪತ್ರಿಕೆಗೆ ಕಳಿಸಿದೆ. ಉತ್ತರ ಬರಲಿಲ್ಲ. ಬೇರೆ ವಿಷಯದ ಮೇಲೆ ಇನ್ನೆರಡು ಕಳಿಸಿದೆ. ಅದಕ್ಕೂ ಇಲ್ಲ.

ಆಮೇಲೆ ಎಲ್ಲರೂ ಮಾಡುವುದನ್ನೇ ನಾನೂ ಮಾಡಿದೆ. ದಿನಾ ಒಂದು ಪುಟ ಬರೆಯಲೇಬೇಕು ಅಂತ ಹಟ ಹಿಡಿದೆ. ತೀರ್ಥಹಳ್ಳಿಯಿಂದ 200 ಪುಟದ ನೋಟ್‌ಬುಕ್ ತಂದೆ. ಎಂಟು ತಿಂಗಳಲ್ಲಿ ಅದು ತುಂಬಿತು. ತಮಾಷೆ ನೋಡಿ, ಅದರ ಮೊದಲ ಪುಟವನ್ನೂ ಕೊನೆಯ ಪುಟವನ್ನೂ ಅದಲು ಬದಲು ಮಾಡಿ ಅಂಟಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಬೆರಳು ಪಳಗಿತ್ತು, ಬರಹ ಇದ್ದಲ್ಲೇ ಇತ್ತು. ಅಡ್ಡಾದಿಡ್ಡಿ ಗೂಟ ಹೊಡೆಯುವವನು ದಿನಾ ನೂರು ಗೂಟ ಹೊಡೆದರೆ ನೂರೂ ಅಡ್ಡಾದಿಡ್ಡಿಯೇ ಅಲ್ವಾ?

ನಮ್ಮ ಊರಿನಲ್ಲಿ ನಿವೃತ್ತ ಕನ್ನಡ ಮೇಷ್ಟ್ರು ಇದ್ದಾರೆ. ಸಂಘಕ್ಕೆ ಬಂದಾಗ ಕೆರೆಯ ಲೇಖನ ಅವರ ಕೈಗಿಟ್ಟೆ. ನಿಂತಲ್ಲೇ ಓದಿದರು. ಕನ್ನಡಕ ತೆಗೆದು ಹೇಳಿದರು: “ಅಲ್ಲ ಮಾರಾಯ, ಇದರಲ್ಲಿ ಯಾರೂ ಏನೂ ಮಾಡೋದೇ ಇಲ್ವಲ್ಲ? ಎಲ್ಲಾ ತಾನೇ ಆಗಿಬಿಡ್ತದೆ!”

ಮನೆಗೆ ಬಂದು ನೋಡಿದೆ. ಸಭೆ ಕರೆಯಲಾಯಿತು. ಹಣ ಸಂಗ್ರಹಿಸಲಾಯಿತು. ಹೂಳು ತೆಗೆಯಲಾಯಿತು. ಕೆಂಪು ಪೆನ್ನಿನಲ್ಲಿ ಗುರುತು ಹಾಕುತ್ತಾ ಹೋದೆ. ಒಂದೂವರೆ ಪುಟದಲ್ಲಿ 23 ‘ಲಾಯಿತು’. 18 ವರ್ಷ ನಡಾವಳಿ ಬರೆದದ್ದರ ಫಲ.

ಅವತ್ತಿನಿಂದ ದಿನಕ್ಕೊಂದು ಪುಟ ಅನ್ನುವ ಲೆಕ್ಕ ಬಿಟ್ಟೆ. ಬೆಳಿಗ್ಗೆ ಐದೂವರೆಗೆ ಎದ್ದು 25 ನಿಮಿಷ, ಅಷ್ಟೇ. ತಿಂಗಳಿಗೆ ಒಂದೇ ತಪ್ಪು ತಿದ್ದುವುದು. ಆ ತಿಂಗಳು ಕಾಗುಣಿತ ತಪ್ಪಿದರೂ ಸರಿ, ವಿಷಯ ಸಪ್ಪೆಯಾದರೂ ಸರಿ, ‘ಲಾಯಿತು’ ಮಾತ್ರ ಬರಕೂಡದು. ಸುಲಭ ಅಂದುಕೊಂಡಿದ್ದೆ. ‘ಹಣ ಸಂಗ್ರಹಿಸಲಾಯಿತು’ ಅನ್ನುವುದನ್ನು ತಿದ್ದಲು ಕೂತೆ. ಸಂಗ್ರಹಿಸಿದ್ದು ಯಾರು? ನೆನಪಿಲ್ಲ. ಎದ್ದು ಹೋಗಿ ಪಕ್ಕದ ಮನೆಯವರನ್ನು ಕೇಳಿದೆ. ನಾಲ್ಕು ಜನ ಹುಡುಗರು ರಸೀದಿ ಪುಸ್ತಕ ಹಿಡಿದು ಮನೆ ಮನೆ ತಿರುಗಿದ್ದರಂತೆ. ಅಜ್ಜಿಯೊಬ್ಬರು ದುಡ್ಡಿಲ್ಲ ಅಂತ ಎರಡು ತೆಂಗಿನಕಾಯಿ ಕೊಟ್ಟಿದ್ದರಂತೆ. ಅಂದರೆ ಭಾಷೆಯ ತಪ್ಪು ಅಂತ ನಾನು ತಿದ್ದಲು ಹೊರಟದ್ದು ಅಸಲಿಗೆ ನೋಡದೆ, ಕೇಳದೆ ಬರೆಯುವ ಸೋಮಾರಿತನ. ಎರಡು ತೆಂಗಿನಕಾಯಿ ಬಂದ ಮೇಲೆ ಆ ಲೇಖನಕ್ಕೆ ಜೀವ ಬಂತು.

ಮುಂದಿನ ತಿಂಗಳ ಸರದಿ ‘ಒಂದು’ವಿನದು. ‘ಅವರು ಒಬ್ಬ ಒಳ್ಳೆಯ ವ್ಯಕ್ತಿಯಾಗಿದ್ದರು’, ‘ಅದು ಒಂದು ಸುಂದರವಾದ ದೃಶ್ಯವಾಗಿತ್ತು’, ಹೀಗೆ ಬರೆಯುತ್ತಿದ್ದೆ. ಇಂಗ್ಲಿಷಿನ ಛಾಯೆ, ಬೇಗ ಕಳಚಿತು. ಆಮೇಲಿನದು ‘ಮಾಡು’. ಇದು ಮಾತ್ರ ಎರಡು ತಿಂಗಳು ತಿಂದಿತು. ನನ್ನ ಬರಹದಲ್ಲಿ ಜನ ಪ್ರಯತ್ನ ಮಾಡುತ್ತಿದ್ದರು, ಆರಂಭ ಮಾಡುತ್ತಿದ್ದರು, ಅಂಗಳ ಸ್ವಚ್ಛ ಮಾಡುತ್ತಿದ್ದರು. ಸ್ವಚ್ಛ ಮಾಡಿದರು ಅಂದರೆ ಗುಡಿಸಿದರೋ, ತೊಳೆದರೋ, ಸಗಣಿ ಹಾಕಿ ಸಾರಿಸಿದರೋ? ಮೂರೂ ಬೇರೆ ಬೇರೆ ಕೆಲಸ. ದಿನಾ ಮಾತಾಡುವಾಗ ಈ ಮಾತುಗಳೆಲ್ಲ ತಾವಾಗಿಯೇ ಬರುತ್ತವೆ. ಪೆನ್ನು ಹಿಡಿದ ಕೂಡಲೇ ಎಲ್ಲಿ ಅಡಗುತ್ತವೋ ಗೊತ್ತಿಲ್ಲ.

ಈ ಹೊತ್ತಿಗೆ ಬೆಂಜಮಿನ್ ಫ್ರಾಂಕ್ಲಿನ್ ನನಗೆ ಸಿಕ್ಕಿದ. ಹೌದು, ಅಮೆರಿಕದ ಅದೇ ಫ್ರಾಂಕ್ಲಿನ್. 1706ರಲ್ಲಿ ಬಾಸ್ಟನ್ನಿನಲ್ಲಿ ಹುಟ್ಟಿದವನು, ಹುಡುಗನಾಗಿದ್ದಾಗಲೇ ಅಣ್ಣನ ಅಚ್ಚುಕೂಟದಲ್ಲಿ ದುಡಿಯಲು ಸೇರಿದ. ಬರೆಯುವುದನ್ನು ಹೇಗೆ ಕಲಿತೆ ಅಂತ ಆತ್ಮಕಥೆಯಲ್ಲಿ ಹೇಳಿದ್ದಾನೆ. ಲಂಡನ್ನಿನ ‘ಸ್ಪೆಕ್ಟೇಟರ್’ ಪತ್ರಿಕೆಯ ಬರಹಗಳ ಒಂದು ಸಂಪುಟ ಅವನ ಕೈಗೆ ಬಂತು. ಇಷ್ಟವಾದ ಬರಹ ತೆಗೆದುಕೊಂಡು ಪ್ರತಿ ವಾಕ್ಯಕ್ಕೂ ಸಣ್ಣ ಟಿಪ್ಪಣಿ ಬರೆದಿಡುತ್ತಿದ್ದ. ಕೆಲವು ದಿನ ಬಿಟ್ಟು, ಪುಸ್ತಕ ನೋಡದೆ, ಟಿಪ್ಪಣಿಯಿಂದಲೇ ಪೂರ್ತಿ ಬರಹವನ್ನು ಮತ್ತೆ ಬರೆಯುತ್ತಿದ್ದ. ಆಮೇಲೆ ಮೂಲದ ಪಕ್ಕ ಇಟ್ಟು ತನ್ನ ತಪ್ಪು ಹುಡುಕುತ್ತಿದ್ದ. ಅವನಿಗೂ ಇದಕ್ಕೆ ಸಿಗುತ್ತಿದ್ದದ್ದು ಕೆಲಸಕ್ಕೆ ಮೊದಲಿನ ಮುಂಜಾನೆ, ಕೆಲಸ ಮುಗಿದ ರಾತ್ರಿ, ಇಲ್ಲವೇ ಇಗರ್ಜಿ ತಪ್ಪಿಸಿಕೊಂಡ ಭಾನುವಾರ.

ನಾನು ಹಳೆಯ ಹೈಸ್ಕೂಲ್ ಪಠ್ಯಪುಸ್ತಕದಿಂದ ಜಾತ್ರೆಯ ಮೇಲಿನ ಪ್ರಬಂಧ ಆರಿಸಿದೆ. ಸೋಮವಾರ ಟಿಪ್ಪಣಿ, ಶುಕ್ರವಾರ ಬರಹ, ಶನಿವಾರ ಹೋಲಿಕೆ. ಮೊದಲ ಶನಿವಾರ ಬೇಜಾರೇ ಆಯಿತು. ಮೂಲದಲ್ಲಿ ‘ತುಂಬಾ’, ‘ಬಹಳ’, ‘ಅತ್ಯಂತ’ ಹುಡುಕಿದರೂ ಇಲ್ಲ, ನನ್ನದರಲ್ಲಿ ಆರು. ಸುಮ್ನೆ ಕುತೂಹಲಕ್ಕೆ ಪ್ರತಿ ವಾಕ್ಯದ ಪದ ಎಣಿಸಿದೆ. ಮೂಲದಲ್ಲಿ ನಾಲ್ಕು ಪದದ ವಾಕ್ಯ, ಹಿಂದೆಯೇ ಇಪ್ಪತ್ತರದ್ದು, ಮತ್ತೆ ಮೂರರದ್ದು. ನನ್ನವೆಲ್ಲ ಹತ್ತು, ಹನ್ನೊಂದು, ಹತ್ತು, ಹನ್ನೆರಡು. ಅಗ್ಗದ ಗಡಿಯಾರದ ಹಾಗೆ ಟಿಕ್ ಟಿಕ್ ಟಿಕ್. ಇನ್ನೂ ಜಾಸ್ತಿ ಚುಚ್ಚಿದ್ದು ಬೇರೆ: ಮೂಲದ ಲೇಖಕರು ನೇರವಾಗಿ ತೇರಿನ ಬೀದಿಗೇ ಇಳಿದಿದ್ದರು. ನಾನು ಜಾತ್ರೆ ಅಂದರೇನು, ನಮ್ಮ ಸಂಸ್ಕೃತಿಯಲ್ಲಿ ಅದರ ಮಹತ್ವವೇನು ಅಂತ ಆರು ಸಾಲು ಕೊರೆದ ಮೇಲೆ ಬೀದಿಗೆ ಬಂದಿದ್ದೆ. ಬರೀ ಓದಿದಾಗ ಇದ್ಯಾವುದೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ. ಈ ಅಭ್ಯಾಸವನ್ನು ವಾರಕ್ಕೆ ಒಂದರಂತೆ ಏಳು ತಿಂಗಳು ನಡೆಸಿದೆ.

ಮಧ್ಯೆ ನಿಂತೂ ಹೋಗಿತ್ತು. ನವೆಂಬರಿನಲ್ಲಿ ಕೊನೆ, ಅಂದರೆ ಅಡಿಕೆ ಗೊನೆ, ತೆಗೆಯುವ ಕೆಲಸ ಶುರುವಾದರೆ ಮಲೆನಾಡಿನಲ್ಲಿ ಬೇರೆ ಯಾವ ಕೆಲಸವೂ ಇಲ್ಲ. 40 ದಿನ ಪುಸ್ತಕ ಮುಟ್ಟಲಿಲ್ಲ. ಮೊದಲೆಲ್ಲ ಹೀಗೆ ತಪ್ಪಿದಾಗ ಪಾಪಪ್ರಜ್ಞೆಯಲ್ಲೇ ಇನ್ನೊಂದು ತಿಂಗಳು ಕಳೆದುಹೋಗುತ್ತಿತ್ತು. ಈ ಸಲ ಕೆಲಸವನ್ನೇ ವಿಷಯ ಮಾಡಿಕೊಂಡೆ. ಕೊನೆ ಇಳಿಸಿದಲ್ಲಿಂದ ಅಡಿಕೆ ಮೂಟೆ ಸೇರುವವರೆಗಿನ ಕೆಲಸವನ್ನು, ಗೊತ್ತಿಲ್ಲದವರಿಗೂ ತಿಳಿಯುವ ಹಾಗೆ ಒಂದು ಪುಟದಲ್ಲಿ ಬರೆಯಬೇಕು.

ಬರೆದು ಅಮ್ಮನಿಗೆ ಓದಿ ಹೇಳಿದೆ. ಅಮ್ಮ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತಲೇ ಕೇಳಿಸಿಕೊಂಡಳು. ಮುಗಿದ ಮೇಲೆ, “ಬೇಯಿಸಿದ್ದು ಯಾವಾಗ?” ಅಂದಳು.

ನೋಡಿದರೆ, ಸುಲಿದ ಹಸಿ ಅಡಿಕೆಯನ್ನು ನೇರವಾಗಿ ಚಪ್ಪರದ ಮೇಲೆ ಒಣಗಲು ಹಾಕಿಬಿಟ್ಟಿದ್ದೆ. ಹಂಡೆ ಇಲ್ಲ, ಅಡಿಕೆ ಬೇಯಿಸಿದ ರಸವಾದ ಚೊಗರು ಇಲ್ಲ, ಬೆಂಕಿಯೇ ಇಲ್ಲ. ಹುಟ್ಟಿದಾಗಿನಿಂದ ಆ ವಾಸನೆಯಲ್ಲೇ ಬೆಳೆದವನು ನಾನು. ಅತಿಯಾಗಿ ಗೊತ್ತಿರುವುದೇ ಕೈತಪ್ಪುತ್ತದೆ ಅಂತ ಅವತ್ತು ಗೊತ್ತಾಯಿತು. ಅದಾದ ಮೇಲೆ ಏನೇ ಬರೆದರೂ, ಆ ಕೆಲಸ ಗೊತ್ತಿರುವ ಒಬ್ಬರಿಗೆ, ಗೊತ್ತಿಲ್ಲದ ಒಬ್ಬರಿಗೆ ಗಟ್ಟಿಯಾಗಿ ಓದಿ ಹೇಳುತ್ತೇನೆ. ಗೊತ್ತಿರುವವರು ಬಿಟ್ಟುಹೋದದ್ದನ್ನು ಹಿಡಿಯುತ್ತಾರೆ. ಗೊತ್ತಿಲ್ಲದವರು ಎಲ್ಲಿ ಆಕಳಿಸಿದರು ಅಂತ ನಾನು ನೋಡಿಕೊಳ್ಳುತ್ತೇನೆ. ಮಗಳು ಎರಡನೆಯ ಪಂಗಡ. ಆಕಳಿಸುವುದರಲ್ಲಿ ಅವಳಿಗೆ ದಾಕ್ಷಿಣ್ಯ ಇಲ್ಲ.

ಮೊಬೈಲಿನಲ್ಲಿ ಮಾತಾಡಿ ಟೈಪ್ ಮಾಡುವುದನ್ನೂ ಕೆಲವು ದಿನ ನೋಡಿದೆ. ವಾಕ್ಯ ಚಿಕ್ಕದಾಗುತ್ತದೆ, ಅದು ನಿಜ. ಆದರೆ ನಮ್ಮ ಕಡೆಯ ಮಾತು ಅದಕ್ಕೆ ಅರ್ಥವಾಗುವುದು ಕಷ್ಟ. ‘ಚೊಗರು’ ಅಂದರೆ ‘ಚಿಗುರು’ ಅಂತ ಬರೆಯಿತು. ಬಿಟ್ಟೆ.

ಒಂದೂವರೆ ವರ್ಷವಾದ ಮೇಲೆ ಕೆರೆಯ ಲೇಖನವನ್ನು ಹೊಸದಾಗಿ ಬರೆದು ಮತ್ತೆ ಕಳಿಸಿದೆ. ತೆಂಗಿನಕಾಯಿ ಕೊಟ್ಟ ಅಜ್ಜಿಯಿಂದಲೇ ಶುರು ಮಾಡಿದ್ದೆ. ಅಚ್ಚಾಯಿತು. ತಲೆಬರಹ ಬದಲಾಯಿಸಿದ್ದರು, ಒಳಗೆ ಎರಡು ಸಾಲು ತೆಗೆದಿದ್ದರು. ಆ ಎರಡು ಸಾಲು ಯಾವುದು ಅಂತ ಹುಡುಕಿದೆ. ಎರಡೂ ‘ಬಹಳ’ ಇದ್ದ ಸಾಲುಗಳೇ.

ಮೇಷ್ಟ್ರಿಗೆ ಪತ್ರಿಕೆ ತೋರಿಸಿದೆ. ಓದಿ, “ಈಗ ಜನ ಕೆಲಸ ಮಾಡ್ತಿದ್ದಾರೆ” ಅಂದರು. ಆ ಹುಮ್ಮಸ್ಸಿನಲ್ಲಿ ಮುಂದಿನ ಸಭೆಯ ನಡಾವಳಿಯನ್ನೂ ಹೊಸ ರೀತಿಯಲ್ಲಿ ಬರೆದೆ. ಯಾರು ಏನು ಹೇಳಿದರು, ಯಾರು ಬೇಡ ಅಂದರು, ಎಲ್ಲ ಹೆಸರಿನ ಸಮೇತ. ಅಧ್ಯಕ್ಷರು ಸಹಿ ಹಾಕಲು ಪೆನ್ನು ತೆಗೆದವರು ಹಾಗೇ ನಿಂತರು.

“ಎಂತ ಮಾಡಿಟ್ಟಿದ್ದೀಯ ಮಾರಾಯ? ಸಾಲ ಕೊಡೋದು ಬೇಡ ಅಂದವರ ಹೆಸರು ಬರೆದರೆ ನಾಳೆ ಅವರ ಮನೆ ಮುಂದೆ ಜಗಳ. ತೀರ್ಮಾನಿಸಲಾಯಿತು ಅಂತ ಬರಿ ಸಾಕು.”

ಹಾಳೆ ಹರಿಯುವ ಹಾಗಿಲ್ಲ, ಪುಟಕ್ಕೆ ನಂಬರ್ ಇರುತ್ತದೆ. ಹೊಡೆದುಹಾಕಿ, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿ ಮತ್ತೆ ಬರೆದೆ. ನಡಾವಳಿ ಪುಸ್ತಕದಲ್ಲಿ ಇವತ್ತಿಗೂ ಎಲ್ಲಾ ತಾನೇ ಆಗಿಬಿಡುತ್ತದೆ.