ಕೆರೆಯಲ್ಲಿ ಮುಂದಿನ ವರ್ಷಕ್ಕೂ ಮೀನು ಇರಬೇಕೆ?

ಮಿರಗ, ಅಂದರೆ ಮೃಗಶಿರ ಮಳೆ, ಕೂಡಿದ ದಿನ ಯಾದಗಿರಿ, ಸೇಡಂ ಕಡೆ ಮೀನು ತಿನ್ನುವ ರೂಢಿ. ಪೇಟೆಯಲ್ಲಿ ರೇಟು ಏರಿರುತ್ತದೆ. ಅದೇ ಹೊತ್ತಿಗೆ ಮೊದಲ ಮಳೆಯ ರಾಡಿ ನೀರು ಹಳ್ಳಕ್ಕೆ ಇಳಿಯುತ್ತದೆ. ಕೆರೆಯ ನಾಡಮೀನುಗಳು ಹೊಟ್ಟೆತುಂಬ ತತ್ತಿ ಹೊತ್ತು ಆ ನೀರಿಗೆ ಎದುರೀಜುತ್ತವೆ. ಹಳ್ಳದ ಬಾಯಿಗೆ ಬಲೆ ಕಟ್ಟಿದರೆ ಬುಟ್ಟಿಗಟ್ಟಲೆ ಸಿಗುತ್ತವೆ. ಕಟ್ಟಬೇಡಿ. ಜೂನ್, ಜುಲೈ ಎರಡು ತಿಂಗಳು ಆ ಬಾಯಿ ಬಿಟ್ಟುಬಿಡಿ. ಅರ್ಧ ಕೆಲಸ ಇಷ್ಟೇ ಅಂತ ನನ್ನ ಲೆಕ್ಕ.

ಕಾಟ್ಲಾ, ರೋಹು, ಮೃಗಾಲ್ ಕತೆ ಬೇರೆ. ನಿಂತ ನೀರಲ್ಲಿ ಇವು ತತ್ತಿ ಇಡುವುದಿಲ್ಲ, ವರ್ಷವರ್ಷ ಮರಿ ತಂದೇ ಬಿಡಬೇಕು. ಯಾವಾಗ? ಕೆರೆ ತುಂಬಿ ಕೋಡಿ ನಿಂತ ಮೇಲೆ. ನಮ್ಮ ಕಡೆ ದೊಡ್ಡ ಮಳೆ ಸೆಪ್ಟೆಂಬರಿನದು. ಒಮ್ಮೆ ನಾವು ಆಗಸ್ಟಿನಲ್ಲೇ ಅವಸರಪಟ್ಟೆವು. ಉತ್ತರಿ ಮಳೆಗೆ ಕೋಡಿ ಹರಿದು, ಕೆಳಗಿನ ತೊಗರಿ ಹೊಲದ ಬದುವಿನಲ್ಲಿ ಹುಡುಗರು ನಮ್ಮ ಮರಿಗಳನ್ನು ಆರಿಸಿಕೊಂಡು ಹೋದರು. ಬೇಗ ಬಿಡಲೇಬೇಕೆಂದರೆ ಕೋಡಿಗೆ ಜಾಳಿಗೆ ಕಟ್ಟಿ.

ಮರಿ ಬೆರಳುದ್ದ, ಅಂದರೆ 8ರಿಂದ 10 ಸೆಂ.ಮೀ. ಇರಲಿ. ನೂಲಿನಂಥ ಮರಿ ಅಗ್ಗ, ಆದರೆ ಕೊರಮೀನಿನ ಹೊಟ್ಟೆಗೇ ಹೋಗುತ್ತದೆ. ಹೆಕ್ಟೇರಿಗೆ 4,000ದ ಆಸುಪಾಸು ಸಾಕು. ದಾಖಲೆಯಲ್ಲಿರುವ ವಿಸ್ತೀರ್ಣ ನಂಬಬೇಡಿ, ತುಂಬಿದ ಕೆರೆಯ ಅರ್ಧದಷ್ಟನ್ನೇ ಲೆಕ್ಕ ಹಿಡಿಯಿರಿ. ಕಾಟ್ಲಾ ಮೇಲೆ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಹತ್ತರಲ್ಲಿ ನಾಲ್ಕು, ಮೂರು, ಮೂರರಂತೆ ಹಾಕಿ.

ಆಮ್ಲಜನಕ ತುಂಬಿದ ಚೀಲ ಬಂದ ಕೂಡಲೇ ಸುರಿದುಬಿಡುವವರೇ ಹೆಚ್ಚು. ಬೆಳಗಿನ ತಂಪಿನಲ್ಲಿ, ಬಿಚ್ಚದೆ, ಚೀಲವನ್ನು ಕೆರೆ ನೀರಲ್ಲಿ 15–20 ನಿಮಿಷ ತೇಲಿಬಿಡಿ. ಆಮೇಲೆ ಬಾಯಿ ಬಿಚ್ಚಿ ಬೆರಳದ್ದಿ ನೋಡಿ. ಒಳಗೂ ಹೊರಗೂ ಒಂದೇ ತಂಪು ಅನ್ನಿಸಿದರೆ ಬೊಗಸೆ ಬೊಗಸೆಯಾಗಿ ಕೆರೆ ನೀರು ಒಳಗೆ ಹಾಕಿ, ಚೀಲ ಓರೆ ಮಾಡಿ ಹಿಡಿಯಿರಿ. ಮರಿ ತಾವಾಗಿಯೇ ಈಜಿ ಹೋಗಬೇಕು. ಹೊಟ್ಟೆ ಮೇಲಾದವನ್ನು ಎಣಿಸಿ ಬರೆದಿಡಿ, ಮುಂದಿನ ಸಲ ಮರಿ ಮಾರುವವರ ಜತೆ ಚೌಕಾಶಿಗೆ ಬರುತ್ತದೆ.

ಹಿಡಿಯುವಾಗ ಬಲೆಯ ಕಣ್ಣು ಅಗಲವಿರಲಿ, ಮುಕ್ಕಾಲು ಕಿಲೋಗಿಂತ ಚಿಕ್ಕ ಕಾಟ್ಲಾ ನುಸುಳಿ ಹೋಗಬೇಕು. ಸೊಳ್ಳೆಪರದೆಯಂಥ ಬಲೆ ಕೆರೆಗೆ ಇಳಿಯಲೇಬಾರದು. ಜಿಲೇಬಿ ಮೀನಿಗೆ (ತಿಲಾಪಿಯಾ) ಮಾತ್ರ ದಯೆ ಬೇಡ: ಕೆರೆಯಲ್ಲೇ ಮರಿ ಮಾಡಿ ಮಾಡಿ ಬೇರೆಯವುಗಳ ಮೇವು ತಿನ್ನುತ್ತದೆ, ಗಾಳ ಹಾಕಿ ಹಿಡಿಯಿರಿ.

ಯುಗಾದಿ ಕಳೆದು ನೀರು ಇಳಿದಾಗ ಕಾಟ್ಲಾ, ರೋಹು ಎಲ್ಲ ತೆಗೆಯಬಹುದು. ತೂಬಿನ ಬಳಿಯ ಆಳದ ಗುಂಡಿಯನ್ನು ಮಾತ್ರ ಪಂಪ್‌ಸೆಟ್ ಇಟ್ಟು ಬರಿದು ಮಾಡಬೇಡಿ. ಮಿರಗಕ್ಕೆ ಹಳ್ಳ ಹತ್ತುವ ಮೀನು ಉಳಿದಿರುವುದು ಅಲ್ಲಿಯೇ.